ಬೇಸಿಗೆ ಸಂಬಳ: ಗ್ರಾಂಟ್‌ನಿಂದ ಎಷ್ಟು ತಿಂಗಳು ತೆಗೆದುಕೊಳ್ಳುತ್ತೀರಿ?

ದಾವಣಗೆರೆಯವನು:
ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಿಡ್‌ವೆಸ್ಟ್‌ನ ಒಂದು ಸ್ಟೇಟ್ ಯೂನಿವರ್ಸಿಟಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಅಸಿಸ್ಟೆಂಟ್ ಪ್ರೊಫೆಸರ್ ಆಗಿದ್ದೇನೆ. ಇದು ಎರಡನೇ ವರ್ಷ. ಸಂಬಳ ಒಂಬತ್ತು ತಿಂಗಳಿಗೆ 99,000 ಡಾಲರ್. ಬೇಸಿಗೆಯ ಮೂರು ತಿಂಗಳ ಸಂಬಳವನ್ನು ಗ್ರಾಂಟ್‌ನಿಂದ, ಅಂದರೆ ಸಂಶೋಧನೆಗೆ ಸಿಕ್ಕ ಹಣದಿಂದ, ನಾವೇ ಹೊಂದಿಸಿಕೊಳ್ಳಬೇಕು. ಕಳೆದ ಬೇಸಿಗೆಯಲ್ಲಿ, ಕೆಲಸಕ್ಕೆ ಸೇರುವಾಗ ಯೂನಿವರ್ಸಿಟಿ ಸಂಶೋಧನೆಗೆ ಅಂತ ಕೊಟ್ಟ ಸ್ಟಾರ್ಟಪ್ ದುಡ್ಡಿನಿಂದ ಎರಡು ತಿಂಗಳ ಸಂಬಳ ಬಂತು, ತಲೆ ಕೆಡಿಸಿಕೊಳ್ಳಲಿಲ್ಲ. ಈಗ ಮೊದಲ ಎನ್‌ಎಸ್‌ಎಫ್ (ಅಮೆರಿಕ ಸರ್ಕಾರದ ವಿಜ್ಞಾನ ಪ್ರತಿಷ್ಠಾನ) ಗ್ರಾಂಟ್ ಸಿಕ್ಕಿದೆ. ಬಜೆಟ್‌ನಲ್ಲಿ ವರ್ಷಕ್ಕೆ ಎರಡು ತಿಂಗಳು ಅಂತ ಬರೆದಿದ್ದೆ. ಈಗ ಆಫೀಸಿನಿಂದ ಫಾರಂ ಬಂದಿದೆ. ಮೇ 16ರಿಂದ ಆಗಸ್ಟ್ 15ರವರೆಗೆ ಯಾವ ತಾರೀಕಿಗೆ ಯಾವ ಗ್ರಾಂಟ್‌ನಿಂದ ಎಷ್ಟು ಪರ್ಸೆಂಟ್ ಅಂತ ತುಂಬಿ ಸಹಿ ಹಾಕಬೇಕು.

ಎರಡೂ ತಿಂಗಳು ತೆಗೆದುಕೊಳ್ಳಲೋ, ಸ್ವಲ್ಪ ಬಿಟ್ಟು ಸ್ಟೂಡೆಂಟ್‌ಗೆ ಇಡಲೋ? ಅಪ್ಪನ ಕಣ್ಣಿನ ಆಪರೇಷನ್ ಇದೆ, ಐದು ವಾರ ಊರಿಗೆ ಹೋಗಬೇಕು. ಆ ದಿನಗಳಿಗೂ ಸಂಬಳ ಹಾಕಬಹುದಾ? ಎಚ್-1ಬಿ ಕೆಲಸದ ವೀಸಾದಲ್ಲಿದ್ದೇನೆ, ಅದರಿಂದ ಏನಾದರೂ ತೊಂದರೆ ಇದೆಯಾ? ನೀವೆಲ್ಲ ಏನು ಮಾಡುತ್ತೀರಿ ಹೇಳಿ.

ಅಪ್ಪ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ಇದನ್ನೆಲ್ಲ ಹೇಳಿದರೆ, "ಬೇಸಿಗೆ ರಜೆಗೆ ಸಂಬಳ ಕೊಡಲ್ವಾ? ನಮಗೆ ಕೊಡ್ತಿದ್ರಲ್ಲಪ್ಪ" ಅಂತ ನನ್ನನ್ನೇ ಅನುಮಾನದಿಂದ ನೋಡಿದರು.

ಹಳೇ ಮೇಷ್ಟ್ರು:
ತಮ್ಮಾ, ಮೊದಲು ಅಭಿನಂದನೆ. ನಾನು ಮೆಕ್ಯಾನಿಕಲ್, ಇಲ್ಲಿ ಇಪ್ಪತ್ತೊಂದು ವರ್ಷ ಆಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ.

ನಿಮ್ಮ 99,000ವನ್ನು ಒಂಬತ್ತರಿಂದ ಭಾಗಿಸಿ, ತಿಂಗಳಿಗೆ 11,000. ಬೇಸಿಗೆಯ ಒಂದು ತಿಂಗಳ ಸಂಬಳ ಅದೇ, ಅದಕ್ಕಿಂತ ಜಾಸ್ತಿ ದರ ಹಾಕುವ ಹಾಗಿಲ್ಲ. ಮೂರು ತಿಂಗಳೂ ಸಿಕ್ಕರೆ 33,000. ಆದರೆ ಎನ್‌ಎಸ್‌ಎಫ್‌ನಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ತಿಂಗಳೇ ಮಿತಿ. ಇದು ಒಂದೊಂದು ಗ್ರಾಂಟ್‌ಗೆ ಎರಡಲ್ಲ, ನಿಮ್ಮ ಎಲ್ಲ ಎನ್‌ಎಸ್‌ಎಫ್ ಗ್ರಾಂಟ್‌ಗಳೂ ಸೇರಿ ಎರಡು. ಹೊಸಬರು ಎಡವುವುದು ಇಲ್ಲೇ. ವರ್ಷ ಅಂದರೆ ಜನವರಿಯಿಂದಲೋ ಜುಲೈಯಿಂದಲೋ ಅನ್ನುವುದನ್ನು ನಿಮ್ಮ ಯೂನಿವರ್ಸಿಟಿ ತೀರ್ಮಾನಿಸಿರುತ್ತದೆ, ಕೇಳಿಕೊಳ್ಳಿ. ಗ್ರಾಂಟ್ ಬಂದ ಮೇಲೆ, ಕೆಲಸದ ಸ್ವರೂಪ ಬದಲಾಗದಿದ್ದರೆ, ಎರಡು ತಿಂಗಳು ದಾಟಿದರೂ ಯೂನಿವರ್ಸಿಟಿಯೇ ಒಪ್ಪಿಗೆ ಕೊಡಬಹುದು, ಎನ್‌ಎಸ್‌ಎಫ್‌ಗೆ ಬರೆಯಬೇಕಿಲ್ಲ. ಇದು ಎಷ್ಟೋ ಆಫೀಸಿನವರಿಗೇ ಗೊತ್ತಿರುವುದಿಲ್ಲ. ಇಂಧನ ಇಲಾಖೆ, ರಕ್ಷಣಾ ಇಲಾಖೆಯ ಗ್ರಾಂಟ್‌ಗಳಲ್ಲಿ ಈ ಎರಡು ತಿಂಗಳ ಕಟ್ಟು ಇಲ್ಲ.

ಈಗ ಗ್ರಾಂಟ್‌ಗೆ ಬೀಳುವ ಲೆಕ್ಕ. ನಿಮ್ಮ ಕೈಗೆ 11,000. ಅದರ ಮೇಲೆ ಫ್ರಿಂಜ್ (ವಿಮೆ ಮುಂತಾದ ಸೌಲಭ್ಯಗಳ ಖರ್ಚು) 25 ಪರ್ಸೆಂಟ್ ಅಂದುಕೊಳ್ಳಿ, 2,750. ಒಟ್ಟು 13,750. ಅದರ ಮೇಲೆ ಓವರ್‌ಹೆಡ್ (ಕಟ್ಟಡ, ಆಫೀಸಿನ ಖರ್ಚಿಗೆ ಯೂನಿವರ್ಸಿಟಿ ಹಿಡಿಯುವ ಪಾಲು) 52 ಪರ್ಸೆಂಟ್ ಅಂದರೆ 7,150. ಗ್ರಾಂಟ್‌ನಿಂದ ಹೋಗುವುದು 20,900. ದರ ಊರೂರಿಗೆ ಬೇರೆ, ಆದರೆ ನೀವು ಒಂದು ತಿಂಗಳು ತೆಗೆದುಕೊಂಡರೆ ಹೆಚ್ಚುಕಡಿಮೆ ಅದರ ಎರಡರಷ್ಟು ಖರ್ಚಾಗುತ್ತದೆ ಅಂತ ನೆನಪಿಟ್ಟುಕೊಳ್ಳಿ. ನಮ್ಮಲ್ಲಿ ಒಬ್ಬ ಸ್ಟೂಡೆಂಟ್‌ನ ಇಡೀ ಬೇಸಿಗೆಯ ಸ್ಟೈಪೆಂಡ್, ಓವರ್‌ಹೆಡ್ ಸೇರಿಸಿದರೂ, 14,000ದ ಒಳಗೆ ಮುಗಿಯುತ್ತದೆ. ಹಾಗಂತ ತ್ಯಾಗ ಮಾಡಿ ಅನ್ನುತ್ತಿಲ್ಲ. ಕೆಲಸ ಮಾಡಿದ್ದಕ್ಕೆ ಸಂಬಳ ತೆಗೆದುಕೊಳ್ಳುವುದರಲ್ಲಿ ನಾಚಿಕೆ ಏನಿದೆ?

ಇನ್ನು ಕೈ ಸುಟ್ಟ ಕಥೆ. ಹಿಂದೆ ಒಂದು ವರ್ಷ ಎರಡು ಗ್ರಾಂಟ್ ಸೇರಿಸಿ ಮೂರು ತಿಂಗಳೂ ಹಾಕಿದೆ. ಹದಿಮೂರು ವಾರ, ನೂರಕ್ಕೆ ನೂರು. ಆ ಜುಲೈಯಲ್ಲಿ ಹತ್ತು ದಿನ ಕೂತು ಬೇರೆಯೇ ವಿಷಯದ ಹೊಸ ಪ್ರಪೋಸಲ್ (ಗ್ರಾಂಟ್ ಕೇಳುವ ಅರ್ಜಿ) ಬರೆದೆ. ಮಕ್ಕಳನ್ನು ಕರೆದುಕೊಂಡು ಒಂದು ವಾರ ಯೆಲ್ಲೋಸ್ಟೋನ್‌ಗೂ ಹೋಗಿಬಂದೆ. ಚಳಿಗಾಲದಲ್ಲಿ ಎಫರ್ಟ್ ಸರ್ಟಿಫಿಕೇಷನ್ (ಯಾವ ಗ್ರಾಂಟ್‌ಗೆ ಎಷ್ಟು ಕೆಲಸ ಮಾಡಿದೆ ಅನ್ನುವ ದೃಢೀಕರಣ) ಅಂತ ಒಂದು ಪುಟ ಬಂತು, ಓದದೆ ಸಹಿ ಹಾಕಿದೆ. ಫೆಬ್ರವರಿಯಲ್ಲಿ ನಮ್ಮ ಯೂನಿವರ್ಸಿಟಿಯ ಆಡಿಟ್‌ನವರು ಕರೆದರು. ಮೇಜಿನ ಮೇಲೆ ಒಂದು ಕಡೆ ನನ್ನ ಸಹಿ, ಇನ್ನೊಂದು ಕಡೆ ಅದೇ ವಾರ ನಾನು ಸಲ್ಲಿಸಿದ್ದ ಪ್ರಪೋಸಲ್‌ನ ಮೊದಲ ಪುಟ. "ಈ ದಿನಗಳಲ್ಲಿ ಈ ಗ್ರಾಂಟ್‌ನ ಕೆಲಸ ಮಾಡಿದಿರಾ?" ಅಂತ ತುಂಬ ಮೆಲ್ಲಗೆ ಕೇಳಿದರು. ಎರಡೂವರೆ ವಾರದ ಸಂಬಳ ಗ್ರಾಂಟ್‌ಗೆ ವಾಪಸ್ ಹೋಯಿತು. ಡಿಪಾರ್ಟ್‌ಮೆಂಟ್ ತನ್ನ ಖಾತೆಯಿಂದ ತುಂಬಿತು. ಆ ಸೆಮಿಸ್ಟರ್ ಪೂರ್ತಿ ಡಿಪಾರ್ಟ್‌ಮೆಂಟ್ ಮುಖ್ಯಸ್ಥರು ಎದುರಿಗೆ ಬಂದರೆ ನಾನು ಬೇರೆ ಕಾರಿಡಾರ್ ಹಿಡಿಯುತ್ತಿದ್ದೆ.

ಇದು ನನ್ನೊಬ್ಬನ ಕಥೆ ಅಲ್ಲ. 2008ರಲ್ಲಿ ಯೇಲ್ ಯೂನಿವರ್ಸಿಟಿ ಸರ್ಕಾರಕ್ಕೆ 76 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಬೇಸಿಗೆಯಲ್ಲಿ ಬೇರೆ ಕೆಲಸವನ್ನೂ ಮಾಡಿ, ಪೂರ್ತಿ ಸಮಯ ಗ್ರಾಂಟ್‌ಗೇ ಕೊಟ್ಟೆವು ಅಂತ ಲೆಕ್ಕ ತೋರಿಸಿದ್ದು ಅಲ್ಲಿನ ಆರೋಪಗಳಲ್ಲಿ ಒಂದು. ಹೊಸ ಪ್ರಪೋಸಲ್ ಬರೆಯುವುದು, ಯೂನಿವರ್ಸಿಟಿಯ ಕಮಿಟಿ ಕೆಲಸ, ರಜೆ, ಇವ್ಯಾವುದೂ ಗ್ರಾಂಟ್‌ನ ಕೆಲಸ ಅಲ್ಲ. ಒಂಬತ್ತು ತಿಂಗಳ ನೌಕರಿಯವರಿಗೆ ಸಾಮಾನ್ಯವಾಗಿ ಜಮಾ ಆಗುವ ರಜೆಯೇ ಇರುವುದಿಲ್ಲ, ಅದೂ ನೆನಪಿರಲಿ. ಆಮೇಲಿಂದ ನಾನು ಎರಡೂವರೆ ತಿಂಗಳು ದಾಟಿಲ್ಲ.

ನಿಮ್ಮದನ್ನೇ ನೋಡಿ. ಹದಿಮೂರು ವಾರದಲ್ಲಿ ಊರಿನ ಐದು ಕಳೆದರೆ ಉಳಿಯುವುದು ಎಂಟು. ಎರಡು ತಿಂಗಳು ಅಂದರೆ ಎಂಟೂವರೆ ವಾರಕ್ಕಿಂತ ಸ್ವಲ್ಪ ಜಾಸ್ತಿ. ಎರಡು ತಿಂಗಳು ಹಿಡಿಸುವುದೇ ಇಲ್ಲ!

ಮಂಡ್ಯದ ಮಗಳು:
ನಾನು ಮೆಡಿಕಲ್ ಸ್ಕೂಲ್‌ನಲ್ಲಿದ್ದೇನೆ. ನಮಗೆ ಬೇಸಿಗೆ ಸಂಬಳ ಅನ್ನುವ ಮಾತೇ ಇಲ್ಲ, ಯಾಕೆಂದರೆ ನೌಕರಿ ಹನ್ನೆರಡು ತಿಂಗಳದ್ದು. ಆದರೆ ಆ ಹನ್ನೆರಡರಲ್ಲಿ ಬಹುಪಾಲು ನಾವೇ ಗ್ರಾಂಟ್‌ನಿಂದ ತರಬೇಕು. ನೀವು ಎರಡು ತಿಂಗಳಿಗೆ ಒದ್ದಾಡುವುದು ನೋಡಿ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ಎನ್‌ಐಎಚ್‌ನಲ್ಲಿ (ವೈದ್ಯಕೀಯ ಸಂಶೋಧನೆಗೆ ದುಡ್ಡು ಕೊಡುವ ಸರ್ಕಾರಿ ಸಂಸ್ಥೆ) ಎರಡು ತಿಂಗಳ ನಿಯಮ ಇಲ್ಲ, ಆದರೆ ಸಂಬಳದ ದರಕ್ಕೆ ಮಿತಿ ಇದೆ. 2025ರಲ್ಲಿ ಅದು ವರ್ಷಕ್ಕೆ 2,25,700 ಡಾಲರ್, ತಿಂಗಳಿಗೆ 18,800ರ ಆಸುಪಾಸು. ನಿಮ್ಮ 11,000 ಅದರ ಹತ್ತಿರವೂ ಇಲ್ಲ, ಮುಂದೆ ಎನ್‌ಐಎಚ್‌ಗೆ ಹಾಕಿದರೂ ಚಿಂತೆ ಬೇಡ.

ಗಣಿತದವರು:
ನಮ್ಮ ವಿಷಯದಲ್ಲಿ ಲ್ಯಾಬ್ ಇಲ್ಲ, ಯಂತ್ರ ಇಲ್ಲ. ನನ್ನ ಗ್ರಾಂಟ್‌ನಲ್ಲಿ ದೊಡ್ಡ ಬಾಬತ್ತೇ ನನ್ನ ಬೇಸಿಗೆ ಸಂಬಳ, ಉಳಿದದ್ದು ಪ್ರಯಾಣ. ವರ್ಷಕ್ಕೆ ಒಂದು ತಿಂಗಳು ತೆಗೆದುಕೊಂಡು, ಇನ್ನೊಂದರಲ್ಲಿ ಸಮ್ಮರ್ ಕೋರ್ಸ್ ಪಾಠ ಮಾಡುತ್ತೇನೆ. ಒಂದು ಎಚ್ಚರ: ಪಾಠಕ್ಕೂ ಗ್ರಾಂಟ್‌ಗೂ ಒಂದೇ ವಾರವನ್ನು ಎರಡು ಸಲ ಮಾರಬೇಡಿ. ಎರಡೂ ಸೇರಿ ನೂರು ಪರ್ಸೆಂಟ್ ದಾಟಬಾರದು.

ಮೇಷ್ಟ್ರ ಹೆಂಡತಿ:
ನಾನು ಪ್ರೊಫೆಸರ್ ಅಲ್ಲ, ನನ್ನ ಗಂಡ ಫಿಸಿಕ್ಸ್ ಮೇಷ್ಟ್ರು. ಮನೆ ಲೆಕ್ಕ ನನ್ನದು, ಹಾಗಾಗಿ ಮಾತಾಡುವ ಹಕ್ಕಿದೆ ಅಂದುಕೊಂಡಿದ್ದೇನೆ.

ಮೊದಲ ವರ್ಷ ನಮಗೆ ಒಂಬತ್ತು ತಿಂಗಳು ಚೆಕ್ ಬಂತು. ಮೇ ಕೊನೆಯ ಚೆಕ್ ಬಂದಾಗ ಹಾಯಾಗಿದ್ದೆವು. ಸ್ಟಾರ್ಟಪ್ ಸಂಬಳ ಜೂನ್‌ಗೆ ಬರುತ್ತದೆ ಅಂತ ಇವರು ನಂಬಿದ್ದರು. ಫಾರಂ ಏಪ್ರಿಲ್‌ನಲ್ಲೇ ಕೊಡಬೇಕಿತ್ತಂತೆ! ದುಡ್ಡು ಬಂದದ್ದು ಆಗಸ್ಟ್‌ನಲ್ಲಿ. ಜುಲೈ ಬಾಡಿಗೆ ಕಟ್ಟಿದ್ದು ನನ್ನ ತಮ್ಮನ ಹತ್ತಿರ ಸಾಲ ಮಾಡಿ. ಆಮೇಲೆ ಒಂಬತ್ತು ತಿಂಗಳ ಸಂಬಳವನ್ನು ಹನ್ನೆರಡಕ್ಕೆ ಹಂಚಿ ಕೊಡುವ ವ್ಯವಸ್ಥೆಗೆ ಬರೆದುಕೊಟ್ಟೆವು. ಅದನ್ನು ಶೈಕ್ಷಣಿಕ ವರ್ಷ ಶುರುವಾಗುವ ಮೊದಲೇ ಆರಿಸಬೇಕು, ನಡುವೆ ಬದಲಾಯಿಸಲು ಆಗುವುದಿಲ್ಲ. ನಿಮ್ಮ 99,000 ಹಾಗೆ ಹಂಚಿದರೆ ತಿಂಗಳಿಗೆ 8,250. ಜೂನ್‌ನಲ್ಲಿ ಗ್ರಾಂಟ್‌ನ 11,000 ಸೇರಿ 19,250 ಆಗುತ್ತದೆ. ಆ ತಿಂಗಳು ತೆರಿಗೆ ಜಾಸ್ತಿ ಹಿಡಿಯುತ್ತಾರೆ, ಗಾಬರಿ ಬೀಳಬೇಡಿ. ಜಾಸ್ತಿ ಹಿಡಿದದ್ದು ರಿಟರ್ನ್ ಹಾಕಿದಾಗ ಸರಿಹೋಗುತ್ತದೆ.

ನಮ್ಮಲ್ಲಿ ಬೇಸಿಗೆ ಸಂಬಳದ ಮೇಲೆ ಯೂನಿವರ್ಸಿಟಿ ನಿವೃತ್ತಿ ಖಾತೆಗೆ ತನ್ನ ಪಾಲು ಹಾಕುವುದಿಲ್ಲ. ಕೆಲವು ಕಡೆ ಹಾಕುತ್ತಾರಂತೆ. ನೀವೇ 403ಬಿ ಅನ್ನುವ ನಿವೃತ್ತಿ ಉಳಿತಾಯ ಖಾತೆಗೆ ಹಾಕಿಕೊಳ್ಳಬಹುದು, 2025ಕ್ಕೆ ಅದರ ಮಿತಿ 23,500. ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವನು ಬೇಸಿಗೆ ಸಂಬಳವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಎರಡು ವರ್ಷದ ದಾಖಲೆ ಬೇಕು ಅಂದ. ಆವತ್ತು ಸಿಟ್ಟು ಬಂತು. ಈಗ ನನ್ನ ಲೆಕ್ಕದ ಪುಸ್ತಕದಲ್ಲೂ ಆ ಸಾಲು ಇಲ್ಲ. ಬಂದರೆ ಊರಿನ ಟಿಕೆಟ್, ಬಾರದಿದ್ದರೆ ಇಲ್ಲ.

ಹಾಸನದವಳು:
ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನನ್ನದು ವಿಜ್ಞಾನ ಶಿಕ್ಷಣದ ಸಂಶೋಧನೆ. 2025ರ ಏಪ್ರಿಲ್‌ನಲ್ಲಿ ಎನ್‌ಎಸ್‌ಎಫ್ ಗ್ರಾಂಟ್‌ಗಳನ್ನು ರದ್ದು ಮಾಡಲು ಶುರು ಮಾಡಿತಲ್ಲ, ಸಾವಿರಕ್ಕೂ ಜಾಸ್ತಿ ಹೋದವು. ಅದರಲ್ಲಿ ನನ್ನದೂ ಒಂದು. ಜೂನ್, ಜುಲೈ ಎರಡಕ್ಕೂ ಫಾರಂ ಕೊಟ್ಟು ಮುಗಿಸಿದ್ದೆ. ರದ್ದಾದ ದಿನದ ನಂತರದ ಕೆಲಸಕ್ಕೆ ಒಂದು ಡಾಲರ್ ಕೂಡ ಹಾಕುವ ಹಾಗಿಲ್ಲ ಅಂದರು. ಸ್ಟೂಡೆಂಟ್‌ಗೆ ಡಿಪಾರ್ಟ್‌ಮೆಂಟ್ ಹೇಗೋ ದುಡ್ಡು ಹೊಂದಿಸಿತು. ನನಗೆ ಇಲ್ಲ. ಕೊನೇ ಗಳಿಗೆಯಲ್ಲಿ ಒಂದು ಸಮ್ಮರ್ ಕೋರ್ಸ್ ಸಿಕ್ಕಿತು, ಬೆಳಗ್ಗೆ ಎಂಟು ಗಂಟೆಯದು. ಹನ್ನೊಂದು ಜನ ಹುಡುಗರು, ಅರ್ಧ ಜನ ನಿದ್ದೆಯಲ್ಲಿ.

ನಿಮ್ಮ ವೀಸಾ ಪ್ರಶ್ನೆಗೆ: ನಾನೂ ಎಚ್-1ಬಿಯಲ್ಲೇ ಇದ್ದೆ. ಅರ್ಜಿಯಲ್ಲೇ ಸಂಬಳ ಒಂಬತ್ತು ತಿಂಗಳದ್ದು ಅಂತ ಇತ್ತು. ಅದೇ ಯೂನಿವರ್ಸಿಟಿಯಿಂದ ಬೇಸಿಗೆಯಲ್ಲಿ ಜಾಸ್ತಿ ಬಂದ ವರ್ಷವೂ, ಬಾರದ ವರ್ಷವೂ ತೊಂದರೆ ಆಗಲಿಲ್ಲ. ಆದರೆ ಪಕ್ಕದ ಕಾಲೇಜಿನಲ್ಲಿ ಒಂದು ಕೋರ್ಸ್ ಮಾಡಿಬಿಡೋಣ ಅಂತ ಹೋಗಬೇಡಿ. ಎಚ್-1ಬಿ ಇರುವುದು ಈ ಒಬ್ಬ ಮಾಲೀಕನಿಗೆ ಮಾತ್ರ. ನಿಮ್ಮ ಇಂಟರ್‌ನ್ಯಾಷನಲ್ ಆಫೀಸಿಗೆ ಒಂದು ಮೇಲ್ ಹಾಕಿ ಖಚಿತ ಮಾಡಿಕೊಳ್ಳಿ.

ಬೆಂಗಳೂರಿನಿಂದ:
ನಿಮ್ಮ ಅಪ್ಪ ಹೇಳಿದ್ದು ಸರಿ. ಇಲ್ಲಿ ನಮಗೆ ಹನ್ನೆರಡು ತಿಂಗಳೂ ಸಂಬಳ. ಸರ್ಕಾರಿ ಪ್ರಾಜೆಕ್ಟ್ ಬಂದರೆ ಸ್ಟೂಡೆಂಟ್‌ಗೆ ದುಡ್ಡು, ಉಪಕರಣಕ್ಕೆ ದುಡ್ಡು, ನಮಗೆ ಬರೀ ಯುಟಿಲೈಸೇಷನ್ ಸರ್ಟಿಫಿಕೇಟ್ (ದುಡ್ಡು ಹೇಗೆ ಖರ್ಚಾಯಿತು ಅನ್ನುವ ಲೆಕ್ಕ) ಬರೆಯುವ ಕೆಲಸ.

ದಾವಣಗೆರೆಯವನು:
ಎಲ್ಲರಿಗೂ ಥ್ಯಾಂಕ್ಸ್. ಎಂಟು ವಾರದ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ಇನ್ನೊಂದು ಕೇಳುತ್ತೇನೆ, ಬೈಯಬೇಡಿ. ಊರಿನಲ್ಲೂ ದಿನಾ ಬೆಳಗ್ಗೆ ಮೂರು ಗಂಟೆ ಕೂತು ಇದೇ ಗ್ರಾಂಟ್‌ನ ಪೇಪರ್ ಬರೆಯುತ್ತೇನೆ. ಆಗ?

ಹಳೇ ಮೇಷ್ಟ್ರು:
ಕೆಲಸ ದಾವಣಗೆರೆಯಲ್ಲಿ ಮಾಡಿದರೂ ಕೆಲಸವೇ. ಆದರೆ ದಿನಕ್ಕೆ ಮೂರು ಗಂಟೆಗೆ ನೂರು ಪರ್ಸೆಂಟ್ ಬರೆಯಲು ಆಗುವುದಿಲ್ಲ. ನಾನೂ ಒಮ್ಮೆ ಊರಿಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿದ್ದೆ. ಮೊದಲ ದಿನ ನೆಂಟರು, ಎರಡನೇ ದಿನ ಕರೆಂಟ್ ಇಲ್ಲ, ಮೂರನೇ ದಿನ ಗೃಹಪ್ರವೇಶ.

ಮಂಡ್ಯದ ಮಗಳು:
ನಾನು ಮಾಡಿದ್ದೇನೆ, ಎರಡು ವಾರ, 50 ಪರ್ಸೆಂಟ್ ಅಂತ. ಹೊರದೇಶದಿಂದ ಕೆಲಸ ಮಾಡಲು ಎಚ್‌ಆರ್‌ನಿಂದ ಮೊದಲೇ ಬರಹದಲ್ಲಿ ಒಪ್ಪಿಗೆ ತೆಗೆದುಕೊಂಡೆ. ಲ್ಯಾಪ್‌ಟಾಪ್ ಒಯ್ಯುವುದಕ್ಕೂ ಬೇರೆ ಅನುಮತಿ ಬೇಕಾಯಿತು. ಅಷ್ಟೆಲ್ಲ ಓಡಾಡಿ ಬಂದದ್ದು ಒಂದು ವಾರದ ಸಂಬಳ. ಕಣ್ಣಿನ ಆಪರೇಷನ್ ಆದವರಿಗೆ ದಿನಕ್ಕೆ ಹಲವು ಸಲ ಡ್ರಾಪ್ಸ್ ಹಾಕುವುದಿರುತ್ತದೆ. ನಾನಾಗಿದ್ದರೆ ಆ ಐದು ವಾರ ಖಾಲಿ ಬಿಡುತ್ತಿದ್ದೆ.

ದಾವಣಗೆರೆಯವನು:
ತೀರ್ಮಾನ ಆಯಿತು. ಎರಡಲ್ಲ, ಒಂದೂವರೆ ತಿಂಗಳು. ಮೇ 16ರಿಂದ ಜೂನ್ 12, ನೂರು ಪರ್ಸೆಂಟ್. ಆಮೇಲೆ ಜುಲೈ 17ರವರೆಗೆ ಊರು, ಸೊನ್ನೆ. ಜುಲೈ 18ರಿಂದ ಆಗಸ್ಟ್ 3 ಮತ್ತೆ ನೂರು. ಕೊನೆಯ ಹನ್ನೆರಡು ದಿನ ಖಾಲಿ, ಆಗ ಹೊಸ ಪ್ರಪೋಸಲ್ ಬರೆಯುತ್ತೇನೆ. ಕೈಗೆ 16,500. ಬಿಟ್ಟ ಅರ್ಧ ತಿಂಗಳಿಂದ ಗ್ರಾಂಟ್‌ನಲ್ಲಿ 10,000 ಚಿಲ್ಲರೆ ಉಳಿಯುತ್ತದೆ. ನನ್ನ ಸ್ಟೂಡೆಂಟ್‌ಗೆ ಆಗಸ್ಟ್ ಸ್ಟೈಪೆಂಡ್ ಕೊರತೆ ಇತ್ತು, ಅದು ತುಂಬುತ್ತದೆ. ಅಪ್ಪನಿಗೆ ಹೇಳಿದೆ. "ಸಂಬಳ ಇಲ್ಲದ ಐದು ವಾರನಾ? ಹಂಗಾದ್ರೆ ಮನೆಗೆ ಸುಣ್ಣ ಹೊಡೆಸೋದು ನೀನೇ ನೋಡ್ಕೋ" ಅಂದರು. ಫಾರಂ ಇವತ್ತೇ ಕಳಿಸಿದೆ.

ಮೇಷ್ಟ್ರ ಹೆಂಡತಿ:
ಫಾರಂನ ತಾರೀಕನ್ನು ವಿಮಾನದ ಟಿಕೆಟ್ ಪಕ್ಕ ಇಟ್ಟು ನೋಡಿದಿರಾ?

ದಾವಣಗೆರೆಯವನು:
ಈಗ ನೋಡಿದೆ ಅಕ್ಕಾ. ಜೂನ್ 12 ಬೆಳಗ್ಗೆಯೇ ವಿಮಾನ. ಫಾರಂ ವಾಪಸ್ ಕೇಳಿದ್ದೇನೆ.