ಪದಚರ್ಚೆ: ‘ಬಿಸಿನೆಸ್ ರೂಲ್’, ‘ರೂಲ್ಸ್ ಎಂಜಿನ್’ – ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ತಂತ್ರಾಂಶದ ಕೈಪಿಡಿಯೊಂದನ್ನು ಕನ್ನಡಿಸುತ್ತಿರುವ ನೀವು, ಅದರ ಪದಗಳ ಪಟ್ಟಿ ಕೊಟ್ಟು ಕನ್ನಡದಲ್ಲಿ ಏನೆನ್ನಬೇಕೆಂದು ಕೇಳಿದ್ದೀರಿ. ಅನುವಾದವನ್ನು ನಾಳೆಯೇ ಒಪ್ಪಿಸಬೇಕೆಂದೂ ಹೇಳಿದ್ದೀರಿ. ಆದ್ದರಿಂದ ಮೊದಲು ಪದಗಳನ್ನು ಹೇಳಿಬಿಡುತ್ತೇನೆ. ಸಂಸ್ಥೆಯ ಕೆಲಸದಲ್ಲಿ ಯಾವಾಗ ಏನು ಮಾಡಬೇಕೆಂದು ಹೇಳುವ ‘ಬಿಸಿನೆಸ್ ರೂಲ್’ಗೆ ‘ವ್ಯವಹಾರ ನಿಯಮ’ ಎಂದೂ ಅಂಥ ನಿಯಮಗಳನ್ನು ನೋಡಿ ನಡೆಸುವ ತಂತ್ರಾಂಶವಾದ ‘ರೂಲ್ಸ್ ಎಂಜಿನ್’ಗೆ ‘ನಿಯಮಯಂತ್ರ’ ಎಂದೂ ಬರೆಯಿರಿ. ಡೇಟಾಬೇಸ್ ಎಂಬುದು ಹಾಗೆಯೇ ಇರಲಿ.

‘ಬಿಸಿನೆಸ್ ರೂಲ್’ಗೆ ‘ವ್ಯಾಪಾರ ನಿಯಮ’ ಎನ್ನಬಹುದೆಂಬ ಸಲಹೆ ಸರಿಯಲ್ಲ. ‘ಅರ್ಜಿದಾರರ ವಯಸ್ಸು 18 ವರ್ಷಕ್ಕಿಂತ ಕಡಿಮೆಯಿದ್ದರೆ ಅರ್ಜಿಯನ್ನು ತಿರಸ್ಕರಿಸಬೇಕು’ ಎಂಬ ನಿಯಮದಲ್ಲಿ ಕೊಳ್ಳುವವರೂ ಇಲ್ಲ, ಮಾರುವವರೂ ಇಲ್ಲ. ‘ವ್ಯವಹಾರ’ದ ಮಾತು ಬೇರೆ. ಹಳೆಯ ಧರ್ಮಶಾಸ್ತ್ರ ಗ್ರಂಥವಾದ ಯಾಜ್ಞವಲ್ಕ್ಯ ಸ್ಮೃತಿಯ ಎರಡನೆಯ ಅಧ್ಯಾಯಕ್ಕೆ ವ್ಯವಹಾರಾಧ್ಯಾಯವೆಂದೇ ಹೆಸರು. ಅಲ್ಲಿ ಆ ಪದಕ್ಕೆ ನ್ಯಾಯವಿಚಾರಣೆ ಎಂಬ ಅರ್ಥವಿದೆ. ನಿಯಮ, ನಿರ್ಣಯಗಳ ಸಂಗಡ ಅದರ ನಂಟು ಹಳೆಯದು.

‘ನಿಯಮ’ದ ಬದಲು ಬಳಸಬಹುದೆನಿಸುವ ‘ಕಟ್ಟಳೆ’ ಅಚ್ಚಗನ್ನಡದ ಪದ, ನನಗೂ ಪ್ರಿಯವಾದದ್ದು. ಆದರೆ ‘ಕಟ್ಟುಕಟ್ಟಳೆ’ ಎಂದೊಡನೆ ಮನಸ್ಸಿಗೆ ಬರುವುದು ಹಿಂದಿನಿಂದ ಬಂದ, ಮೀರಬಾರದ ಕಟ್ಟು. ನಿಯಮಗಳನ್ನು ಪ್ರೋಗ್ರಾಮಿನೊಳಗೆ ಬರೆಯದೆ ಡೇಟಾಬೇಸಿನ ಕೋಷ್ಟಕದಲ್ಲಿ ಇಡುವುದಾದರೂ ಏಕೆ? ಕೋಡನ್ನು ಮುಟ್ಟದೆ, ಹೊಸ ಆವೃತ್ತಿಯನ್ನು ಹೊರತರದೆ, ಒಂದು ಸಾಲನ್ನಷ್ಟೇ ತಿದ್ದಿ ನಿಯಮವನ್ನು ಬದಲಾಯಿಸಲು ಬರಬೇಕೆಂದು. ನಿಯಮಕ್ಕೆ ತಿದ್ದುಪಡಿ ತರುವುದು ನಮ್ಮ ದಿನನಿತ್ಯದ ಮಾತು. ಕಟ್ಟಳೆಗೆ ತಿದ್ದುಪಡಿ ತಂದರೆಂದು ಯಾರೂ ಹೇಳುವುದಿಲ್ಲ.

ಯಂತ್ರವೆಂದರೆ ಲೋಹದ್ದೇ ಆಗಿರಬೇಕೆಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ‘ಯಮ್’ ಎಂಬ ಧಾತುವಿಗೆ ಹಿಡಿದು ನಿಲ್ಲಿಸು, ಹತೋಟಿಯಲ್ಲಿಡು ಎಂಬ ಅರ್ಥ. ನಿಯಮ, ಯಂತ್ರ, ನಿಯಂತ್ರಣ ಮೂರೂ ಅದರಿಂದಲೇ ಬಂದವು. ‘ನಿಯಮಯಂತ್ರ’ದ ಎರಡು ಭಾಗಗಳೂ ಒಂದೇ ತಾಯಿಯ ಮಕ್ಕಳು.

ಇನ್ನು ಕೋಷ್ಟಕದ ತಲೆಬರಹಗಳು. ಮೇಲಿನ ಉದಾಹರಣೆಯಲ್ಲಿ ‘ವಯಸ್ಸು 18ಕ್ಕಿಂತ ಕಡಿಮೆ’ ಎಂಬುದು ಷರತ್ತು, ‘ತಿರಸ್ಕರಿಸು’ ಎಂಬುದು ಕ್ರಮ. ಇವುಗಳ ಪಕ್ಕದಲ್ಲಿ ಆದ್ಯತೆ, ಜಾರಿ ದಿನಾಂಕ, ಮುಕ್ತಾಯ ದಿನಾಂಕ. ಷರತ್ತಿಗೆ ಬದಲಾಗಿ ‘ನಿಬಂಧನೆ’ ಎಂದು ಹಾಕಿದರೆ ಓದುವವರು ಅದನ್ನು ಇಡೀ ನಿಯಮವೆಂದೇ ತಿಳಿಯುತ್ತಾರೆ.

ಹೆಚ್ಚಿನ ಎಚ್ಚರ ಬೇಕಾದದ್ದು ಕ್ರಿಯಾಪದಗಳಲ್ಲಿ. ಜಾರಿಯಲ್ಲಿರುವ ನಿಯಮವೊಂದು, ಅದರ ಷರತ್ತು ಎಂದೂ ಈಡೇರದಿದ್ದರೆ, ವರ್ಷವಿಡೀ ಸುಮ್ಮನಿರಬಹುದು. ಒಂದೇ ಅರ್ಜಿಗೆ ನಾಲ್ಕು ನಿಯಮಗಳು ಹೊಂದಿದಾಗ, ಮೊದಲು ಯಾವುದನ್ನು ನಡೆಸಬೇಕೆಂದು ಯಂತ್ರವು ಆದ್ಯತೆಯನ್ನು ನೋಡಿ ನಿರ್ಧರಿಸಬಹುದು. ಆದುದರಿಂದ ‘ಜಾರಿಯಲ್ಲಿದೆ’, ‘ಹೊಂದುತ್ತದೆ’, ‘ಪ್ರಯೋಗವಾಗುತ್ತದೆ’ ಎಂಬ ಮೂರನ್ನು ಬೇರೆಬೇರೆಯಾಗಿಯೇ ಇಟ್ಟುಕೊಳ್ಳಿ. ನಿಯಮ ಪ್ರಯೋಗವಾಗುವುದಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಫೈರ್’ ಎಂಬುದನ್ನು ‘ನಿಯಮ ಸಿಡಿಯುತ್ತದೆ’ ಎಂದು ಬರೆಯುವುದು ಅನುವಾದವಲ್ಲ, ಅಪಘಾತ.

‘ಷರತ್ತು’, ‘ಜಾರಿ’ ಅರಬ್ಬಿಯ ಪದಗಳೆಂದು ಹಿಂದಿನ ಉತ್ತರದಲ್ಲಿ ಒಬ್ಬರು ಸಿಡುಕಿದ್ದಾರೆ. ‘ಕಾನೂನು’ ಗ್ರೀಕಿನಲ್ಲಿ ಹುಟ್ಟಿ, ಅರಬ್ಬಿ ಪಾರಸಿಗಳನ್ನು ದಾಟಿ ನಮ್ಮಲ್ಲಿಗೆ ಬಂದು ನೆಲೆಸಿದೆ. ಅದನ್ನು ಇಟ್ಟುಕೊಂಡು ಇವನ್ನು ಮಾತ್ರ ಹೊರಗಟ್ಟುವುದಕ್ಕೆ ತತ್ತ್ವದ ಆಧಾರವಿಲ್ಲ.

ಕಡೆಯದಾಗಿ, ನಿಮ್ಮ ಪಟ್ಟಿಯಲ್ಲಿರುವ ‘ರೀಟೆ’ (Rete) ಎಂಬುದನ್ನು ಅನುವಾದಿಸಬೇಡಿ. ನಿಯಮಗಳನ್ನು ಸಂಗತಿಗಳೊಡನೆ ಬೇಗನೆ ಹೊಂದಿಸಿ ನೋಡಲು ಕಂಪ್ಯೂಟರ್ ವಿಜ್ಞಾನಿ ಚಾರ್ಲ್ಸ್ ಫೋರ್ಗಿ ರೂಪಿಸಿದ, 1982ರ ಲೇಖನದಿಂದ ಹೆಸರಾದ ವಿಧಾನದ ಅಂಕಿತನಾಮವದು. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಬಲೆ ಎಂದೇ ಅರ್ಥವಾದ್ದರಿಂದ ‘ರೀಟೆ ಜಾಲ’ ಎಂದರೆ ಬಲೆಯ ಬಲೆಯಾಗುತ್ತದೆ. ‘ರೀಟೆ ವಿಧಾನ’ ಎಂದು ಬರೆಯಿರಿ.