ಪದಚರ್ಚೆ: ‘ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್’ – ಗೋಡೆಫಲಕಕ್ಕೆ ನಾಳೆ ಸಂಜೆಯೊಳಗೆ ಪದ ಬೇಕು

ಅಂಬಲಪಾಡಿ, ಉಡುಪಿಯಿಂದ

ಬಳಗದ ಹಿರಿಯರಿಗೂ ಮಿತ್ರರಿಗೂ ನಮಸ್ಕಾರಗಳು.

ನಮ್ಮ ಊರಿನ ವಾಚನಾಲಯದಲ್ಲಿ ಆರು ಹಳೆಯ ಕಂಪ್ಯೂಟರುಗಳಿವೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತುಹೋದುದರಿಂದಲೂ, ಅದರ ಮುಂದಿನ ಆವೃತ್ತಿಗೆ ಈ ಯಂತ್ರಗಳು ಸಾಲದೆ ಬಂದುದರಿಂದಲೂ ಆರಕ್ಕೂ ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿ, ಮೆನುಗಳು ಆದಷ್ಟು ಕನ್ನಡದಲ್ಲೇ ಕಾಣುವಂತೆ ಮಾಡಿದ್ದೇವೆ. ಒಂದೊಂದರಲ್ಲೂ ಗ್ನೋಮ್, ಎಕ್ಸ್‌ಎಫ್‌ಸಿಇ, ಕೆಡಿಇ ಪ್ಲಾಸ್ಮಾ ಎಂಬ ಮೂರು ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್‌ಗಳನ್ನೂ ಇಟ್ಟಿದ್ದೇವೆ. ಬಂದವರು ಒಳಗೆ ಹೋಗುವಾಗಲೇ ತಮಗೆ ಬೇಕಾದುದನ್ನು ಆರಿಸಿಕೊಂಡು, ಆಮೇಲೆ ಅದನ್ನು ತಮ್ಮ ರೂಢಿಗೆ ತಕ್ಕಂತೆ ಬದಲಿಸಿಕೊಳ್ಳಬಹುದು. ಇದನ್ನು ತಿಳಿಸುವ ಫಲಕವೊಂದನ್ನು ಗೋಡೆಗೆ ಹಾಕಬೇಕು, ಎರಡು ಪುಟದ ಕೈಪಿಡಿಯೊಂದನ್ನು ಕೊಡಬೇಕು. ಫ್ಲೆಕ್ಸ್ ಅಂಗಡಿಯವರು ನಾಳೆ ಸಂಜೆ ಐದರೊಳಗೆ ಬರಹ ಕೊಡಿ ಎಂದಿದ್ದಾರೆ.

ಪದವು ಹೊರಬೇಕಾದ ಅರ್ಥ ಇಷ್ಟು. ಕೆಳಗಿನ ವ್ಯವಸ್ಥೆ ಒಂದೇ; ಅದರ ಮೇಲೆ ತೆರೆಯಂಚಿನ ಫಲಕ (ಪ್ಯಾನೆಲ್), ಮೆನು, ಕಿಟಕಿಗಳ ಅಂಚು, ಕಡತಗಳನ್ನು ನೋಡುವ ಸಾಧನ, ಸಿದ್ಧತೆಗಳು (ಸೆಟ್ಟಿಂಗ್ಸ್) ಇವೆಲ್ಲ ಒಂದು ಕಟ್ಟಾಗಿ ಬರುತ್ತವೆ. ಆ ಕಟ್ಟನ್ನು ಇಡಿಯಾಗಿ ಬದಲಿಸಬಹುದು, ಒಳಗೊಳಗೇ ತಿದ್ದಲೂಬಹುದು.

ಕನ್ನಡದಲ್ಲಿ ಈಗಾಗಲೇ ‘ಗಣಕತೆರೆ ಪರಿಸರ’ ಎಂಬುದಿದೆ. ನನ್ನ ತೊಡಕು ಏನೆಂದರೆ, ಅದೇ ಮೆನುಗಳಲ್ಲಿ ‘ಥೀಮ್’ ಎಂಬುದಕ್ಕೆ ‘ಪರಿಸರವಿನ್ಯಾಸ’ ಎಂದಿದೆ. ಹಾಗಾಗಿ ಕೈಪಿಡಿಯಲ್ಲಿ ನಾನು ‘ಗಣಕತೆರೆ ಪರಿಸರದ ಪರಿಸರವಿನ್ಯಾಸವನ್ನು ಬದಲಿಸಿ’ ಎಂದು ಬರೆಯಬೇಕಾಗುತ್ತದೆ. ‘ಕುಂಜಿಬೆಟ್ಟು ಪರಿಸರದಲ್ಲಿ ನಾಳೆ ವಿದ್ಯುತ್ ಇಲ್ಲ’ ಎಂದು ಪತ್ರಿಕೆಯಲ್ಲಿ ಓದುವ ನಮ್ಮವರಿಗೆ ಇದು ಹೇಗೆ ಕೇಳಿಸೀತು? ಇನ್ನು ಇಂಗ್ಲಿಷ್ ಪದವನ್ನೇ ಇಡೋಣವೆಂದರೆ, ಕಳೆದ ಸಲ ಬೇರೊಂದು ಫಲಕ ಮಾಡಿಸಿದಾಗ ಅಂಗಡಿಯವರು ಬರಹವನ್ನು ತಮ್ಮ ಹಳೆಯ ಅಕ್ಷರಶೈಲಿಗೆ ತಿರುಗಿಸಿದ ಗಡಿಬಿಡಿಯಲ್ಲಿ ಅಕ್ಷರಗಳು ಕೂಡದಂತೆ ನಡುವೆ ತಡೆಯುವ ಕಾಣದ ಗುರುತು ಬಿದ್ದುಹೋಗಿ, ‘ಡೆಸ್ಕ್ಟಾಪ್’ ಎಂದು ಕಕಾರದ ಅಡಿಯಲ್ಲಿ ಟಕಾರ ಜೋತುಬಿದ್ದಿತ್ತು. ಆರು ಅಡಿಯ ಫಲಕದಲ್ಲಿ ಅದು ಗೇಣುದ್ದ ಕಾಣುತ್ತಿತ್ತು.

‘ಕಸ್ಟಮೈಸ್’ ಎಂಬುದಕ್ಕೆ ಕಂಡದ್ದು ‘ಅಗತ್ಯಾನುಗುಣಗೊಳಿಸು’. ಒಂಬತ್ತು ಅಕ್ಷರ. ದಯವಿಟ್ಟು ಬೇರೆ ಏನಾದರೂ ಹೇಳಿ.

ಕದ್ರಿ, ಮಂಗಳೂರಿನಿಂದ

‘ಡೆಸ್ಕ್‌ಟಾಪ್’ ಎಂದೇ ಬರೆಯಿರಿ. ಬಸ್ಸಿಗೂ ಬ್ಯಾಂಕಿಗೂ ಪದ ಹುಡುಕದವರು ಇದಕ್ಕೇಕೆ ಹುಡುಕಬೇಕು? ಫ್ಲೆಕ್ಸ್ ಅಂಗಡಿಯವರ ತಪ್ಪಿಗಾಗಿ ಭಾಷೆಯನ್ನು ತಿದ್ದಬೇಕಾಗಿಲ್ಲ.

ಕಾರ್ಕಳದಿಂದ

ಕದ್ರಿಯ ಹಿರಿಯರ ಉತ್ತರ ಎಂದಿನಂತೆ ಚಿಕ್ಕದು, ಎಂದಿನಂತೆ ಬೇಜವಾಬ್ದಾರಿಯದು.

ಮೊದಲಿಗೆ ‘ಗಣಕತೆರೆ’ಯನ್ನು ಕೈಬಿಡಬೇಕು. ‘ಗಣಕ’ ಸಂಸ್ಕೃತ, ‘ತೆರೆ’ ಕನ್ನಡ. ಎರಡನ್ನೂ ಬೆಸೆದರೆ ಅರಿಸಮಾಸವೆಂಬುದನ್ನು ಈ ಬಳಗದಲ್ಲಿ ವಿವರಿಸಬೇಕಾಗಿಲ್ಲ. ಅದೂ ಅಲ್ಲದೆ ತೆರೆ ಎಂದರೆ ಪರದೆ. ಮೇಜಿನ ಮುಖಕ್ಕೂ ಪರದೆಗೂ ಏನು ಸಂಬಂಧ? ಕೊನೆಗೆ ‘ಗಣಕತೆರೆಯನ್ನು ತೆರೆ’ ಎಂಬ ವಾಕ್ಯವನ್ನು ಯಾರಾದರೂ ಗಂಭೀರವಾಗಿ ಓದಬಲ್ಲರೇ? ನಮ್ಮ ಕರಾವಳಿಯ ಮಕ್ಕಳಿಗಂತೂ ತೆರೆ ಎಂದೊಡನೆ ಮಲ್ಪೆಯ ಕಡಲು ಕಣ್ಣಿಗೆ ಬರುತ್ತದೆ.

ಕಂಪ್ಯೂಟರಿನ ತೆರೆಯನ್ನು ಮೇಜಿನ ಮುಖದಂತೆ ಕಾಣುವ ಈ ಕಲ್ಪನೆ ಹುಟ್ಟಿದ್ದು ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪಾರ್ಕ್ ಸಂಶೋಧನಾಲಯದಲ್ಲಿ. ಅಲ್ಲಿ ಎಪ್ಪತ್ತರ ದಶಕದಲ್ಲಿ ರೂಪುಗೊಂಡ ಈ ಹೋಲಿಕೆಯನ್ನು 1981ರಲ್ಲಿ ಬಂದ ಜೆರಾಕ್ಸ್ ಸ್ಟಾರ್ ಯಂತ್ರವು ಮಾರುಕಟ್ಟೆಗೆ ತಂದಿತು. ಕಚೇರಿಯ ಗುಮಾಸ್ತನ ಮೇಜು, ಮೇಜಿನ ಮೇಲೆ ಕಾಗದ, ಕಾಗದಗಳ ಕಟ್ಟು, ಬದಿಯಲ್ಲಿ ಟಪಾಲಿನ ತಟ್ಟೆ: ಇದೇ ಆ ಚಿತ್ರ. ಆದುದರಿಂದ ಚಿತ್ರವನ್ನು ಉಳಿಸಿಕೊಂಡು ‘ಮೇಜುಹರವು’ ಎಂದು ಕರೆಯುವುದು ಸರಿ. ಹರವು ಎಂದರೆ ವಿಸ್ತಾರ, ಹರಡಿದ್ದು. ಡೆಸ್ಕ್‌ಟಾಪ್ ಎಂಬುದಕ್ಕೂ ಎನ್ವಿರಾನ್‌ಮೆಂಟ್ ಎಂಬುದಕ್ಕೂ ಸೇರಿ ಒಂದೇ ಪದ. ಎರಡೂ ನಮ್ಮ ಮನೆಯ ಮಾತುಗಳು.

ಕದ್ರಿ, ಮಂಗಳೂರಿನಿಂದ

‘ಮೇಜು’ ನಮ್ಮ ಮನೆಯ ಮಾತಲ್ಲ. ಪೋರ್ಚುಗೀಸರ ‘ಮೇಸ’. ಮಂಗಳೂರಿನ ಕೊಂಕಣಿಯಲ್ಲಿ ಕಿಟಕಿಗೆ ‘ಜನೆಲ್’ ಎನ್ನುವುದೂ, ಬೀಗದ ಕೈಗೆ ‘ಚಾವಿ’ ಎನ್ನುವುದೂ ಅದೇ ಹಡಗಿನಲ್ಲಿ ಬಂದವು. ಹೊರಗಿನ ಪದವನ್ನು ಓಡಿಸಲು ಹೊರಗಿನ ಪದವನ್ನೇ ಕರೆತಂದಿದ್ದೀರಿ.

ಕಾರ್ಕಳದಿಂದ

ತಪ್ಪು. ಪೋರ್ಚುಗೀಸಿನ ‘ಮೇಸ’ದಿಂದ ಬಂದದ್ದು ಮಲಯಾಳದ ‘ಮೇಶ’, ತಮಿಳಿನ ‘ಮೇಸೈ’. ಕನ್ನಡದ ‘ಮೇಜು’ ಪಾರಸಿಯ ‘ಮೇಜ್’, ಉರ್ದುವಿನ ಮೂಲಕ ಬಂದದ್ದು. ವ್ಯಂಜನಾಂತ ಪದಕ್ಕೆ ಉಕಾರ ಹಚ್ಚಿಕೊಳ್ಳುವುದು ನಮ್ಮ ಹಳೆಯ ಚಾಳಿ. ಸ್ವರಾಂತವಾದ ‘ಮೇಸ’ವೇ ಮೂಲವಾಗಿದ್ದರೆ ಕೊನೆಯ ಅಕಾರ ಎಲ್ಲಿ ಹೋಯಿತು?

ಕದ್ರಿ, ಮಂಗಳೂರಿನಿಂದ

ಪೋರ್ಚುಗೀಸಿನ ‘ಜನೇಲ’ದ ಅಕಾರ ‘ಜನೆಲ್’ನಲ್ಲಿ ಎಲ್ಲಿ ಹೋಯಿತೋ ಅಲ್ಲಿಗೇ.

ಪುತ್ತೂರಿನಿಂದ

ಹಿರಿಯರಿಬ್ಬರೂ ಕ್ಷಮಿಸಬೇಕು. ಮೇಜು ಗೋವೆಯಿಂದ ಬಂದಿರಲಿ, ಪಾರಸಿಕದಿಂದ ಬಂದಿರಲಿ, ಅಂಬಲಪಾಡಿಯವರಿಗೆ ನಾಳೆ ಐದು ಗಂಟೆಗೆ ಅದರಿಂದ ಉಪಯೋಗವಾಗದು. ಅದಕ್ಕಿಂತ ಮುಖ್ಯವಾಗಿ, ಇಲ್ಲಿ ಮೇಜೇ ಉಳಿದಿಲ್ಲ. ಗ್ನೋಮ್ 3 ಎಂಬ ಆವೃತ್ತಿ 2011ರ ಏಪ್ರಿಲಿನಲ್ಲಿ ಬಂದಾಗ ಮೇಜಿನ ಮೇಲೆ ಕಡತಗಳನ್ನು ಹರಡುವ ಅವಕಾಶವನ್ನು ಮೊದಲ ನೋಟದಿಂದಲೇ ತೆಗೆದುಹಾಕಿತು. ಕಿಟಕಿಯನ್ನು ಕೆಳಗಿಳಿಸುವ ಗುಂಡಿಯೂ ಹೋಯಿತು. ಈಗ ಅದರ ಮೇಜಿನ ಜಾಗದಲ್ಲಿ ಕಾಣುವುದು ಖಾಲಿ ಚಿತ್ರ ಒಂದೇ. ಕಾರ್ಕಳದವರ ಗುಮಾಸ್ತನು ಕಾಗದ ಇಡುವುದೆಲ್ಲಿ? ಇನ್ನು ಕೆಡಿಇ ಬಳಗದವರು 1996ರಲ್ಲಿ ‘ಡೆಸ್ಕ್‌ಟಾಪ್’, ‘ಎನ್ವಿರಾನ್‌ಮೆಂಟ್’ ಎಂಬ ಈ ಎರಡು ಪದಗಳನ್ನು (ಡಿ, ಇ) ತಮ್ಮ ಹೆಸರಿನೊಳಗೇ ಇಟ್ಟುಕೊಂಡು ಹೊರಟವರು. 2009ರಲ್ಲಿ ಆ ವಿಸ್ತರಣೆಯನ್ನು ಕೈಬಿಟ್ಟು, ಕೆಡಿಇ ಎಂದರೆ ನಮ್ಮ ಸಮುದಾಯ, ನಾವು ಮಾಡುವ ವಸ್ತುವಿನ ಹೆಸರು ಪ್ಲಾಸ್ಮಾ ಎಂದರು. ಪದವನ್ನು ಹುಟ್ಟಿನಿಂದ ಹೊತ್ತವರೇ ಇಳಿಸಿದ ಮೇಲೆ ನಾವು ಅದರ ಒಂದೊಂದು ಕಾಲನ್ನೂ ಕನ್ನಡಕ್ಕೆ ತರಲು ಹೆಣಗುವುದು ಏಕೆ?

ನನಗೆ ಹೊಳೆದ ಪದ ‘ತಿಟ್ಟು’. ಯಕ್ಷಗಾನದಲ್ಲಿ ತೆಂಕುತಿಟ್ಟು, ಬಡಗುತಿಟ್ಟು ಎಂಬ ಶೈಲಿಗಳಿವೆಯಲ್ಲ, ಒಂದೇ ಪ್ರಸಂಗವನ್ನು ತೆಂಕಿನವರೂ ಆಡುತ್ತಾರೆ, ಬಡಗಿನವರೂ ಆಡುತ್ತಾರೆ. ಬಡಗಿನ ಅರ್ಜುನನಿಗೆ ಮುಂಡಾಸು, ತೆಂಕಿನ ಅರ್ಜುನನಿಗೆ ಕಿರೀಟ. ಚೆಂಡೆಯ ನಾದ ಬೇರೆ, ಹೆಜ್ಜೆ ಬೇರೆ, ಆದರೆ ಪದ್ಯ ಅದೇ, ಕಥೆ ಅದೇ. ಡೆಬಿಯನ್ ಪ್ರಸಂಗವಾದರೆ ಗ್ನೋಮ್ ಒಂದು ತಿಟ್ಟು, ಪ್ಲಾಸ್ಮಾ ಇನ್ನೊಂದು ತಿಟ್ಟು. ಒಂದು ತಿಟ್ಟಿನ ವೇಷಧಾರಿ ಇನ್ನೊಂದರ ಮೇಳಕ್ಕೆ ಅತಿಥಿಯಾಗಿ ಹೋಗುವಂತೆ ಪ್ಲಾಸ್ಮಾಕ್ಕೆಂದು ಬರೆದ ತಂತ್ರಾಂಶ ಗ್ನೋಮಿನಲ್ಲಿಯೂ ನಡೆಯುತ್ತದೆ. ವೇಷ ಸ್ವಲ್ಪ ಬೇರೆಯಾಗಿ ಕಾಣುತ್ತದೆ, ಅಷ್ಟೆ. ತಿಟ್ಟು ಎಂಬುದಕ್ಕೆ ಎತ್ತರದ ನೆಲ ಎಂಬ ಅರ್ಥ ದ್ರಾವಿಡ ಭಾಷೆಗಳಲ್ಲಿ ಹಳೆಯದು. ಎತ್ತರಿಸಿದ ಸಮತಲವೇ ಮೇಜಲ್ಲವೇ? ಹೀಗೆ ಎರಡು ಅರ್ಥಗಳೂ ಒಂದೇ ಪದದಲ್ಲಿ ಕೂಡುತ್ತವೆ.

ಬೆಂಗಳೂರಿನಿಂದ (ಊರು ಬ್ರಹ್ಮಾವರ)

ಬೀದರಿನವರಿಗೆ ನಿಮ್ಮ ಎರಡು ತಿಟ್ಟುಗಳೂ ಗೊತ್ತಿಲ್ಲ. ಮಂಡ್ಯದವರಿಗೆ ತಿಟ್ಟು ಎಂದರೆ ದಿಬ್ಬ. ದಿಬ್ಬವನ್ನು ಆರಿಸಿಕೊಳ್ಳಿ ಎಂದು ಫಲಕ ಹಾಕುತ್ತೀರಾ?

ಪುತ್ತೂರಿನಿಂದ

ಫಲಕ ಇರುವುದು ಅಂಬಲಪಾಡಿಯಲ್ಲಿ, ಬೀದರಿನಲ್ಲಲ್ಲ.

ಕುಂದಾಪುರದಿಂದ

ನಾನು ನಿವೃತ್ತ ಶಿಕ್ಷಕಿ. ಮನೆಯ ಕಂಪ್ಯೂಟರಿನಲ್ಲಿ ಎಕ್ಸ್‌ಎಫ್‌ಸಿಇ ಬಳಸುತ್ತೇನೆ. ನೀವೆಲ್ಲರೂ ನಾಮಪದದ ಮೇಲೆ ಬಿದ್ದಿದ್ದೀರಿ. ಕೇಳಿದವರು ಕ್ರಿಯಾಪದವನ್ನೂ ಕೇಳಿದ್ದಾರೆ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಕಷ್ಟವಿರುವುದು ಅಲ್ಲಿಯೇ.

ಮೊನ್ನೆ ನನ್ನ ತೆರೆಯ ಅಡಿಯ ಫಲಕವನ್ನು ತುಸು ಕಿರಿದು ಮಾಡಿದಾಗ ಒತ್ತಕ್ಷರಗಳ ಬುಡವೆಲ್ಲ ಕತ್ತರಿಸಿಹೋಯಿತು. ‘ಪುಸ್ತಕಪಟ್ಟಿ’ ಎಂಬ ಕಡತದ ಹೆಸರು ‘ಪುಸಕಪಟಿ’ ಎಂದು ಕಾಣುತ್ತಿತ್ತು. ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟು ಅಳೆದ ಎತ್ತರಕ್ಕೆ ನಮ್ಮ ಒತ್ತುಗಳು ಹಿಡಿಯುವುದಿಲ್ಲ. ಫಲಕದ ಮೇಲೆ ಇಲಿಯ ಬಲಗುಂಡಿ ಒತ್ತಿ, ಸಾಲಿನ ಎತ್ತರವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋದಾಗ ಮೊದಲು ತಕಾರದ ಒತ್ತು, ಆಮೇಲೆ ಟಕಾರದ ಒತ್ತು ಇಡಿಯಾಗಿ ಮೂಡಿತು. ಏನು ಮಾಡುತ್ತಿದ್ದೀರಿ ಎಂದು ಮನೆಯವರು ಕೇಳಿದರು. ‘ಇದನ್ನು ಕನ್ನಡಕ್ಕೆ ಒಗ್ಗಿಸುತ್ತಿದ್ದೇನೆ’ ಎಂದೆ. ಆ ಮಾತು ಹುಡುಕದೆ ಬಂತು.

ಘಟ್ಟದ ಮೇಲಿನಿಂದ ಬಂದವರಿಗೆ ಕುಚ್ಚಲಕ್ಕಿ ಅನ್ನ ಒಗ್ಗುವುದಿಲ್ಲ ಎನ್ನುತ್ತೇವೆ. ಕೆಲವು ತಿಂಗಳಲ್ಲಿ ಅವರು ಅದಕ್ಕೆ ಒಗ್ಗಿಕೊಳ್ಳುತ್ತಾರೆ. ‘ಒಗ್ಗಿಕೊಳ್ಳು’ ಎಂದರೆ ಬದಲಾಗುವವನು ಬಳಸುವವನು. ‘ಒಗ್ಗಿಸಿಕೊಳ್ಳು’ ಎಂದರೆ ಬದಲಾಗುವುದು ವಸ್ತು. ನಡುವೆ ಇರುವುದು ಒಂದು ‘ಇಸು’ ಪ್ರತ್ಯಯ ಮಾತ್ರ. ಆದರೆ ಅಂಬಲಪಾಡಿಯವರು ಹೇಳಿದ ಮೂರರ ವ್ಯತ್ಯಾಸವೂ ಅದರಲ್ಲೇ ಇದೆ. ಗ್ನೋಮ್ ತನ್ನ ಸಿದ್ಧತೆಗಳಲ್ಲಿ ಹೆಚ್ಚಿನದನ್ನು ಕೈಗೆ ಕೊಡುವುದಿಲ್ಲ, ಬೇಕೆಂದರೆ ವಿಸ್ತರಣೆಗಳನ್ನು (ಎಕ್ಸ್‌ಟೆನ್ಷನ್) ಹಾಕಿಕೊಳ್ಳಬೇಕು. ಆದ್ದರಿಂದ ಬಹುಮಟ್ಟಿಗೆ ನಾವೇ ಅದಕ್ಕೆ ಒಗ್ಗಿಕೊಳ್ಳುತ್ತೇವೆ. ಪ್ಲಾಸ್ಮಾದಲ್ಲಿ ಫಲಕವನ್ನು ಎಡಕ್ಕೋ ಮೇಲಕ್ಕೋ ಒಯ್ಯಬಹುದು, ಗುಂಡಿಗಳ ಕ್ರಮವನ್ನೂ ಬದಲಿಸಬಹುದು. ಅದನ್ನು ನಾವು ಒಗ್ಗಿಸಿಕೊಳ್ಳುತ್ತೇವೆ. ಪುತ್ತೂರಿನವರು ಹೇಳಿದ 2011ರ ಬದಲಾವಣೆಗೆ ಒಗ್ಗಿಕೊಳ್ಳಲಾರದವರೇ ಗ್ನೋಮ್ 2ನ್ನು ‘ಮಾಟೆ’ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಲಿನಕ್ಸ್ ಮಿಂಟ್‌ನವರು ಗ್ನೋಮ್ 3ನ್ನು ತಮಗೆ ಒಗ್ಗಿಸಿಕೊಂಡು ‘ಸಿನಮನ್’ ಮಾಡಿದರು. ‘ಅಗತ್ಯಾನುಗುಣಗೊಳಿಸು’ ಎಂದು ಬರೆದರೆ ಈ ಎರಡು ಬಗೆಯನ್ನು ಬೇರ್ಪಡಿಸಿ ಹೇಳುವುದು ಹೇಗೆ?

ಇನ್ನು ನಾಮಪದದ ವಿಷಯ. ಕನ್ನಡ ಮೆನುವಿನಲ್ಲಿ, ಮನೆ ಕಡತಕೋಶದಲ್ಲಿ (ಹೋಮ್ ಫೋಲ್ಡರ್), ಎಲ್ಲೆಡೆ ಈಗ ಕಾಣುವುದು ‘ಗಣಕತೆರೆ’. ಅದು ನನಗೂ ಇಷ್ಟವಾದ ಪದವಲ್ಲ. ಆದರೆ ಯಂತ್ರದೊಳಗೆ ಒಂದು ಪದ, ಗೋಡೆಯ ಮೇಲೆ ಇನ್ನೊಂದು ಪದ ಇದ್ದರೆ ಮಕ್ಕಳು ಫಲಕ ಓದಿ ಮೆನುವಿನಲ್ಲಿ ಹುಡುಕುತ್ತಾರೆ, ಸಿಗುವುದಿಲ್ಲ, ಇಂಗ್ಲಿಷಿಗೆ ಬದಲಿಸುತ್ತಾರೆ. ಮುಂದೆ ಕನ್ನಡದ ಮೆನುವನ್ನು ಯಾರೂ ತೆರೆಯುವುದಿಲ್ಲ. ಪದ ಬದಲಿಸಲೇಬೇಕೆಂದರೆ ಮೊದಲು ಆ ಅನುವಾದದ ಕಡತಗಳಲ್ಲಿ ಬದಲಿಸಿ, ಆಮೇಲೆ ಗೋಡೆಗೆ ಬನ್ನಿ.

ಕಾರ್ಕಳದಿಂದ

‘ಒಗ್ಗಿಸು’ ಎಂದರೆ ಪಳಗಿಸು ಎಂಬ ಅರ್ಥವೂ ಬರುತ್ತದೆ. ನೊಗಕ್ಕೆ ಹೋರಿಯನ್ನು ಒಗ್ಗಿಸುವುದು. ಅರಿಸಮಾಸದ ನನ್ನ ಆಕ್ಷೇಪಕ್ಕೂ ಉತ್ತರ ಬಂದಿಲ್ಲ.

ಕುಂದಾಪುರದಿಂದ

ಹೋರಿಯಷ್ಟೇ ಹಟ ಅದಕ್ಕೂ ಇದೆ, ಹಾಗಾಗಿ ಅರ್ಥ ಕೆಡುವುದಿಲ್ಲ. ಅರಿಸಮಾಸದ ಬಗ್ಗೆ: ತಾವು ಕಾರ್ಕಳದಿಂದ ಮಂಗಳೂರಿಗೆ ಹೋಗುವಾಗ ಇಳಿಯುವುದು ‘ಬಸ್‌ನಿಲ್ದಾಣ’ದಲ್ಲಿ. ಅಲ್ಲಿ ಯಾವ ಸೂತ್ರ ಹೇಳಿ ಇಳಿಯುತ್ತೀರಿ?

ಕಾರ್ಕಳದಿಂದ

ನಾನು ‘ಬಸ್‌ಸ್ಟ್ಯಾಂಡ್’ ಎನ್ನುತ್ತೇನೆ.

ಕದ್ರಿ, ಮಂಗಳೂರಿನಿಂದ

ಈ ಒಪ್ಪಿಗೆಯನ್ನು ತೆಗೆದಿಟ್ಟುಕೊಂಡಿದ್ದೇನೆ.

ಅಂಬಲಪಾಡಿ, ಉಡುಪಿಯಿಂದ

ಎಲ್ಲರಿಗೂ ಕೃತಜ್ಞತೆಗಳು. ಬರಹವನ್ನು ಈಗ ಕಳುಹಿಸಿದೆ. ಫಲಕದಲ್ಲಿ ಇರುವ ವಾಕ್ಯ ಇದು: ‘ನಿಮಗೆ ಬೇಕಾದ ಗಣಕತೆರೆಯನ್ನು ಆರಿಸಿ, ಕೈಗೆ ಒಗ್ಗಿಸಿಕೊಳ್ಳಿ.’ ಪರಿಸರ ಎಂಬುದನ್ನು ಪೂರ್ತಿ ಬಿಟ್ಟಿದ್ದೇನೆ. ಇದರಿಂದ ‘ಪರಿಸರವಿನ್ಯಾಸ’ದೊಡನೆ ಬರುತ್ತಿದ್ದ ಗೊಂದಲ ತಪ್ಪಿತು. ಮೂರರಲ್ಲಿ ಯಾವುದು ಏನು ಎಂಬುದನ್ನು ಕೈಪಿಡಿಯಲ್ಲಿ ಪುತ್ತೂರಿನವರ ತಿಟ್ಟಿನ ಹೋಲಿಕೆಯಿಂದಲೇ ಹೇಳಿದ್ದೇನೆ, ಅವರ ಅನುಮತಿ ಇದೆಯೆಂದು ಭಾವಿಸುತ್ತೇನೆ. ಗ್ನೋಮಿನ ಪಕ್ಕದಲ್ಲಿ ‘ಒಗ್ಗಿಕೊಳ್ಳಬೇಕು’, ಪ್ಲಾಸ್ಮಾದ ಪಕ್ಕದಲ್ಲಿ ‘ಒಗ್ಗಿಸಿಕೊಳ್ಳಬಹುದು’ ಎಂದು ಬರೆದಿದ್ದೇನೆ. ಎಕ್ಸ್‌ಎಫ್‌ಸಿಇ ಎದುರು ಸದ್ಯಕ್ಕೆ ‘ಹಗುರ’ ಎಂದಷ್ಟೇ ಇದೆ, ಏಕೆಂದರೆ ನಾಲ್ಕು ಜಿಬಿ ಸ್ಮೃತಿಯ ಎರಡು ಯಂತ್ರಗಳಲ್ಲಿ ಅದೊಂದೇ ಉಸಿರುಗಟ್ಟದೆ ನಡೆಯುತ್ತಿದೆ. ‘ಒಗ್ಗಿಸಿಕೊಳ್ಳಿ’ಯ ಎರಡು ಒತ್ತುಗಳು ಅಂಗಡಿಯಲ್ಲಿ ಕೆಡದಿರಲೆಂದು ಬರಹವನ್ನು ಅಕ್ಷರವಾಗಿ ಕೊಡದೆ ಚಿತ್ರವಾಗಿ ಕೊಟ್ಟಿದ್ದೇನೆ.

ಕದ್ರಿ, ಮಂಗಳೂರಿನಿಂದ

ಬರುವವರೆಲ್ಲ ‘ಗಣಕತೆರೆ ಎಂದರೆ ಡೆಸ್ಕ್‌ಟಾಪಾ?’ ಎಂದು ಕೇಳುತ್ತಾರೆ.

ಅಂಬಲಪಾಡಿ, ಉಡುಪಿಯಿಂದ

ಅಂಗಡಿಯವರು ಆಗಲೇ ಕೇಳಿದರು. ಹೌದು ಎಂದೆ.