ಅಪ್‌ಡೇಟ್: ಎಕ್ಸ್‌ರೇ ತೋರಿಸಿದ ಶಾರ್ಟ್ ನಿಜವಾದ ಶಾರ್ಟ್ ಆಗಿರಲಿಲ್ಲ

ಹೋದ ತಿಂಗಳು ಕೇಳಿದ್ದೆ. ಕೋಲಾರದ ನರಸಾಪುರದಲ್ಲಿ ನಾನಿರುವ, ಸರ್ಕ್ಯೂಟ್ ಬೋರ್ಡ್ ಜೋಡಿಸುವ ಲೈನ್‌ನಲ್ಲಿ ಎಕ್ಸ್‌ರೇ ಮೆಷಿನ್ ಬಿಜಿಎ (ಅಡಿಯಲ್ಲಿ ಬೆಸುಗೆಯ ಸಣ್ಣ ಸಣ್ಣ ಬಾಲ್‌ಗಳಿರುವ) ಚಿಪ್‌ನ ಒಂದೇ ಮೂಲೆಯಲ್ಲಿ ಪದೇ ಪದೇ ಶಾರ್ಟ್, ಅಂದರೆ ಪಕ್ಕದ ಬಾಲ್‌ಗಳು ಒಂದಕ್ಕೊಂದು ಅಂಟಿಕೊಂಡಂತೆ, ತೋರಿಸುತ್ತದೆ, ಟೆಸ್ಟ್ ಮಾಡಿದರೆ ಬೋರ್ಡ್ ಸರಿಯಾಗಿಯೇ ಇರುತ್ತದೆ, ಯಾಕೆ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ತಪ್ಪು ಬೆಸುಗೆಯದ್ದಲ್ಲ. ನೇರ ಮೇಲಿನಿಂದ ತೆಗೆದ ಚಿತ್ರದಲ್ಲಿ ಬೋರ್ಡಿನ ಎರಡೂ ಬದಿ ಒಂದರ ಮೇಲೊಂದು ಬೀಳುತ್ತವೆ. ಬೆಸುಗೆಯ ತವರ ಕಿರಣವನ್ನು ಜಾಸ್ತಿ ಹೀರುತ್ತದೆ, ಹಾಗಾಗಿ ಕಪ್ಪಗೆ ಕಾಣುತ್ತದೆ. ಒಳಗೆ ಗಾಳಿಗುಳ್ಳೆ ಇದ್ದರೆ ಅಲ್ಲಿ ತಿಳಿ ಬಣ್ಣ. ಸಾಫ್ಟ್‌ವೇರ್ ಅಳೆಯುವುದು ಈ ಬೂದು ಬಣ್ಣದ ಏರಿಳಿತವನ್ನೇ ಅಲ್ವಾ? ನಮ್ಮ ಬೋರ್ಡಿನ ಹಿಂಬದಿಯಲ್ಲಿ, ಸರಿಯಾಗಿ ಆ ಮೂಲೆಯ ಕೆಳಗೆ, ಎರಡು ಕೆಪಾಸಿಟರ್ ಇದ್ದವು. ಅವುಗಳ ನೆರಳು ಬಾಲ್‌ಗಳ ನಡುವೆ ಸೇತುವೆಯಂತೆ ಬಿದ್ದಿತ್ತು!

ಈಗ ಹಲವು ಓರೆ ಕೋನಗಳಿಂದ ಚಿತ್ರ ತೆಗೆದು, ಪದರ ಪದರವಾಗಿ ಬಿಡಿಸಿ ನೋಡುತ್ತೇವೆ. ಸಮಯ ಜಾಸ್ತಿ ಹಿಡಿಯುತ್ತದೆ, ಅದಕ್ಕೆ ಆ ಚಿಪ್‌ಗೆ ಮಾತ್ರ. ಸುಳ್ಳು ರಿಜೆಕ್ಟ್ ನಿಂತಿದೆ.

ಇನ್ನೊಂದು ಖುಷಿ. ಬಾಲ್ ಬೋರ್ಡಿಗೆ ಹಚ್ಚಿದ ಬೆಸುಗೆ ಪೇಸ್ಟ್ ಮೇಲೆ ಕೂತು, ಅದರೊಂದಿಗೆ ಬೆರೆಯದೇ ಉಳಿದ ಜಾಯಿಂಟ್ ಮೇಲಿನಿಂದ ದುಂಡಗೆ, ಚೆನ್ನಾಗಿಯೇ ಕಾಣುತ್ತದೆ. ಓರೆ ಚಿತ್ರದಲ್ಲಿ ಅದರ ನಡು ಸಣ್ಣಗಾಗಿರುವುದು ತಿಳಿಯುತ್ತದೆ. ನಿನ್ನೆ ಅಂಥದ್ದೊಂದು ಸಿಕ್ಕಿತು.